ನರತಂತುವಿನ ತುದಿಯನ್ನು ಕಣ್ಣಾರೆ ಕಂಡ ಅನುಭವ

ಕಲಬುರಗಿಯ ನಮ್ಮ ಪ್ರಯೋಗಾಲಯದಲ್ಲಿ ನಾನು ಕೋಳಿ ಭ್ರೂಣದ ನರಕೋಶಗಳನ್ನು ಬೆಳೆಸಿ ನೋಡುತ್ತೇನೆ. ಈ ಊರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ. ಕಾವು ಕೊಡುವುದಷ್ಟೇ ಗೊತ್ತಿರುವ ಸಾಮಾನ್ಯ ಇನ್‌ಕ್ಯುಬೇಟರ್ 37 ಡಿಗ್ರಿಯಲ್ಲಿ ನಿಲ್ಲಬೇಕಾದರೆ ಮೊದಲು ಕೋಣೆಯನ್ನೇ ತಂಪಾಗಿಡಬೇಕು. ಆದ್ದರಿಂದ ಸೂಕ್ಷ್ಮ ಕೆಲಸವನ್ನೆಲ್ಲ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತೇನೆ.

ಹ್ಯಾಚರಿಯಿಂದ ತಂದ ಮೊಟ್ಟೆಯನ್ನು 8 ದಿನ ಕಾವಿಗಿಟ್ಟು, ಭ್ರೂಣದ ಬೆನ್ನುಹುರಿಯ ಇಕ್ಕೆಲಗಳಲ್ಲಿ ಸಾಲಾಗಿರುವ, ಎಳ್ಳಿಗಿಂತ ಸಣ್ಣ ನರಗಂಟುಗಳನ್ನು (ನರಕೋಶಗಳ ಗೊಂಚಲುಗಳನ್ನು) ಚೂಪು ಚಿಮಟದಿಂದ ಬಿಡಿಸಿಕೊಳ್ಳುತ್ತೇನೆ. ಬರಿಯ ಗಾಜಿನ ಮೇಲೆ ಈ ಕೋಶಗಳಿಂದ ಹೊರಡುವ ಉದ್ದನೆಯ ತಂತುಗಳು ಚೆನ್ನಾಗಿ ಹರಡುವುದಿಲ್ಲವಾದ್ದರಿಂದ, ಗಾಜಿಗೆ ಕೋಶಗಳು ಅಂಟಿಕೊಳ್ಳಲು ನೆರವಾಗುವ ಪಾಲಿಲೈಸಿನ್, ಅದರ ಮೇಲೆ ಲ್ಯಾಮಿನಿನ್ ಎಂಬ ಪ್ರೋಟೀನನ್ನು ಲೇಪಿಸಿರುತ್ತೇನೆ. ಒಂದು ಬಟ್ಟಲಿಗೆ ಎನ್‌ಜಿಎಫ್ ಎಂಬ, ನರಕೋಶಗಳ ಬೆಳವಣಿಗೆಯ ಅಂಶವನ್ನು ಸೇರಿಸಿ, ಇನ್ನೊಂದನ್ನು ಹಾಗೆಯೇ ಬಿಡುತ್ತೇನೆ. ಮರುದಿನ ಮೊದಲನೆಯದರಲ್ಲಿ ಗಂಟಿನ ಸುತ್ತ ತಂತುಗಳು ದಟ್ಟವಾಗಿ ಹೊರಟಿರುತ್ತವೆ, ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು. ಇದೂ ಸೇರಿದಂತೆ ಬೆಳವಣಿಗೆಯ ಅಂಶಗಳನ್ನು ಕಂಡುಹಿಡಿದದ್ದಕ್ಕಾಗಿ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ 1986ರಲ್ಲಿ ನೊಬೆಲ್ ಪಡೆದರು.

ಆದರೆ ನನ್ನನ್ನು ಹಿಡಿದಿಟ್ಟಿರುವುದು ತಂತುವಿನ ತುದಿ, ಅಂದರೆ ಗ್ರೋತ್ ಕೋನ್. ಸ್ಪೇನಿನ ವಿಜ್ಞಾನಿ ಕಹಾಲ್ 1890ರಲ್ಲಿ ಇದನ್ನು ಬಣ್ಣ ಹಾಕಿದ ನಿರ್ಜೀವ ಭ್ರೂಣದಲ್ಲಿ ಗುರುತಿಸಿದರು. ತಂತು ಜೀವಂತವಾಗಿ ಬೆಳೆಯುವುದನ್ನು ಅಮೆರಿಕದ ವಿಜ್ಞಾನಿ ಹ್ಯಾರಿಸನ್ 1907ರಲ್ಲಿ ಕಪ್ಪೆಯ ಅಂಗಾಂಶದಲ್ಲಿ ತೋರಿಸಿದರು. ಮಸೂರದ ಕೆಳಗೆ ತುದಿಯಿಂದ ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳು ಚಾಚುತ್ತವೆ, ತಡಕಾಡುತ್ತವೆ, ಹಿಂದೆ ಸರಿಯುತ್ತವೆ. ಅವುಗಳೊಳಗೆ ಆಕ್ಟಿನ್ ಎಂಬ ಪ್ರೋಟೀನ್ ಕಟ್ಟಿಕೊಳ್ಳುತ್ತ ಕಳಚಿಕೊಳ್ಳುತ್ತ ಇರುತ್ತದೆ. ಯಾವ ಎಳೆ ನೆಲಕ್ಕೆ ಬಿಗಿಯಾಗಿ ಹಿಡಿಯುತ್ತದೆಯೋ ಆ ಕಡೆಗೆ ಮೈಕ್ರೋಟ್ಯೂಬ್ಯೂಲುಗಳು, ಅಂದರೆ ಕೋಶಕ್ಕೆ ಆಧಾರವಾಗಿರುವ ಸೂಕ್ಷ್ಮ ಕೊಳವೆಗಳು, ನುಗ್ಗಿ, ದಾರಿ ಗಟ್ಟಿಯಾಗುತ್ತದೆ. ತಂತುಗಳನ್ನು ದೂರ ಸರಿಸುವ ಸೆಮಾಫೊರಿನ್ 3ಎ ಎಂಬ ಪ್ರೋಟೀನನ್ನು ಸೇರಿಸಿದರೆ ಅದೇ ತುದಿ ಅರ್ಧ ಗಂಟೆಯೊಳಗೆ ಮುದುಡಿಕೊಳ್ಳುತ್ತದೆ.

ಕೋಶದ ಒಡಲೇ ತಂತುವನ್ನು ಹೊರಗೆ ದೂಡುತ್ತದೆ ಎಂದು ನಂಬಿರುವ ವಿದ್ಯಾರ್ಥಿಗಳಿಗೆ ನಾನು ಬಾಯಿಮಾತಿನಲ್ಲಿ ವಿವರಿಸುವುದಿಲ್ಲ. ಗಾಜಿನ ಸೂಜಿಯಿಂದ ತಂತುವನ್ನು ನಡುವೆ ಕತ್ತರಿಸಿ ತೋರಿಸುತ್ತೇನೆ. ಒಡಲಿನಿಂದ ಬೇರೆಯಾದ ಮೇಲೂ ತುದಿ ಸ್ವಲ್ಪ ಕಾಲ ತಡಕುತ್ತ ಮುಂದೆ ಸಾಗುತ್ತದೆ. ಎತ್ತ ಹೊರಳಬೇಕೆಂಬ ತೀರ್ಮಾನ ಬಹುಪಾಲು ಅಲ್ಲಿಯೇ ಆಗುತ್ತದೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಪುರಾವೆ ನನಗೆ ಬೇಕಿಲ್ಲ.

ಆದರೂ ಈ ಬಟ್ಟಲಿನಲ್ಲಿ ತಂತು ತಲುಪಬೇಕಾದ ಚರ್ಮವಾಗಲಿ ಸ್ನಾಯುವಾಗಲಿ ಇಲ್ಲ. ಪಯಣ ಕಾಣುತ್ತದೆ, ಸಂಪರ್ಕ ಕಾಣುವುದಿಲ್ಲ. ಅದಕ್ಕಾಗಿ ಈಗ ಅದೇ ಭ್ರೂಣದ ಚರ್ಮದ ಚೂರನ್ನು ನರಗಂಟಿನ ಒಂದು ಬದಿಗಿಟ್ಟು, ತಂತುಗಳು ಯಾವ ಬದಿಗೆ ಹೆಚ್ಚಾಗಿ ಹೊರಡುತ್ತವೆ ಎಂದು ನೋಡಲು ತೊಡಗಿದ್ದೇನೆ.