ಎರಡರ ನಾಣ್ಯ ದೊಡ್ಡದು, ಐದರದು ಸಣ್ಣದು

ವಿಜಯಪುರದಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಸಂಜೆ ಶಾಲೆ ಬಿಟ್ಟ ಮೇಲೆ ಆರು ವರ್ಷದ ಮೊಮ್ಮಗಳು ಬಂದು, ಗಲ್ಲಾಪೆಟ್ಟಿಗೆಯ ಪಕ್ಕ ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂರುತ್ತಾಳೆ. ನೂರರವರೆಗೆ ತಡವರಿಸದೆ ಎಣಿಸುತ್ತಾಳಲ್ಲ ಎಂದು ಒಂದು ದಿನ ಚಿಲ್ಲರೆ ಕೊಡುವ ಕೆಲಸವನ್ನು ಅವಳಿಗೇ ಒಪ್ಪಿಸಿದೆ. ಗಿರಾಕಿಗೆ ಎರಡು ರೂಪಾಯಿ ಮರಳಿಸಬೇಕಿತ್ತು, ಐದರ ನಾಣ್ಯ ಕೊಟ್ಟಳು. ಕೇಳಿದರೆ, 'ಸಣ್ಣದನ್ನೇ ಕೊಟ್ಟೆನಲ್ಲ, ಮುತ್ಯಾ' ಎಂದಳು.

ತಪ್ಪು ಅವಳದಲ್ಲ. 2011ರ ಮಾದರಿಯ ಎರಡು ರೂಪಾಯಿ ನಾಣ್ಯ 25 ಮಿಲಿಮೀಟರ್ ಅಗಲವಿದೆ, ಐದರದು 23. ಹಾಗಾಗಿ ಎಣಿಕೆಗಿಂತ ಮೊದಲು ಗುರುತು ಹಿಡಿಯುವುದನ್ನು ಕಲಿಸಿ. ಒಂದು ಹಿಡಿ ಚಿಲ್ಲರೆಯನ್ನು ತಟ್ಟೆಗೆ ಸುರಿದು ಬೇರೆ ಬೇರೆ ಮಾಡಲು ಹೇಳಿ. ಅಗಲ ನೋಡುವುದು ಬೇಡ, ಅಂಕಿ ನೋಡಲಿ. ಹತ್ತು, ಇಪ್ಪತ್ತು ಎರಡೂ 27 ಮಿಲಿಮೀಟರ್. ಆದರೆ ಹತ್ತಕ್ಕೆ ಹೊರಗೆ ಹಳದಿ, ನಡುವೆ ಬಿಳಿ. ಇಪ್ಪತ್ತಕ್ಕೆ ಅದು ತಿರುಗುಮುರುಗು. ಇಪ್ಪತ್ತಕ್ಕೆ ಹನ್ನೆರಡು ಮೂಲೆಗಳಿರುವುದರಿಂದ ಕಣ್ಣು ಮುಚ್ಚಿಕೊಂಡೂ ಹೇಳಬಹುದು. ನಮ್ಮ ಹುಡುಗಿಗೆ ಈ ಆಟ ಎರಡೇ ದಿನಕ್ಕೆ ಕೈವಶವಾಯಿತು. ನಾಣ್ಯ ಬಾಯಿಗೆ ಹಾಕುವ ಕೂಸಿದ್ದರೆ ಮಾತ್ರ ಇದೆಲ್ಲ ಇನ್ನೊಂದು ವರ್ಷ ಮುಂದಕ್ಕೆ ಹೋಗಲಿ.

ಪೈಸೆಯ ಗೋಜಿಗೆ ಹೋಗಬೇಡಿ. ನಾಲ್ಕಾಣೆಯ ಚಲಾವಣೆ 2011ರ ಜೂನ್ 30ಕ್ಕೇ ನಿಂತಿತು. ಎಂಟಾಣೆ ಕಾನೂನಿನಲ್ಲಿ ಇನ್ನೂ ನಡೆಯುತ್ತದೆ, ಆದರೂ ನನ್ನ ಪೆಟ್ಟಿಗೆಯ ಮೂಲೆಯಲ್ಲಿ ಹತ್ತು ನಾಣ್ಯ ಸುಮ್ಮನೆ ಬಿದ್ದಿವೆ.

ನಿಜವಾದ ಕಷ್ಟ ಮುಂದಿದೆ. ಒಂದರ ಮೂರು ನಾಣ್ಯ ಒಂದು ಕಡೆ, ಐದರ ಒಂದು ನಾಣ್ಯ ಇನ್ನೊಂದು ಕಡೆ ಇಟ್ಟು ಯಾವುದು ಬೇಕೆಂದೆ. ಮೂರನ್ನು ಬಾಚಿಕೊಂಡಳು. ಬೈದರೆ ಉಪಯೋಗವಿಲ್ಲ, ಶೇಂಗಾ ತನ್ನಿ. ಐದರ ನಾಣ್ಯದ ಮುಂದೆ ಐದು ಶೇಂಗಾಕಾಳು, ಎರಡರ ಮುಂದೆ ಎರಡು, ಒಂದರ ಮುಂದೆ ಒಂದು ಇಡಿ. ಕಾಳು ಎಣಿಸಿ ತಿನ್ನಲಿ, ನಾಣ್ಯ ಅಲ್ಲೇ ಇರಲಿ. ಮರುದಿನ ಕಾಳಿಲ್ಲದೆ, ಐದರ ಮೇಲೆ ಐದು ಸಲ ಬೆರಳು ತಟ್ಟಿ ಎಣಿಸಲಿ. ನಮಗೆ ಇದಕ್ಕೆ ಎಂಟು ದಿನ ಹಿಡಿಯಿತು, ಅರ್ಧ ಸೇರು ಶೇಂಗಾ ಖರ್ಚಾಯಿತು. ಆಮೇಲೆ ದೊಡ್ಡ ಬೆಲೆಯದರಿಂದ ಶುರುಮಾಡಿ ಕೆಳಗಿಳಿದು ಎಣಿಸುವುದು ತಾನಾಗಿ ಬಂತು: ಹತ್ತು, ಹದಿನೈದು, ಹದಿನೇಳು, ಹದಿನೆಂಟು.

ಚಿಲ್ಲರೆ ಕೊಡಲು ಕಳೆಯುವ ಲೆಕ್ಕ ಹೇಳಿಕೊಡಬೇಡಿ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಅಜ್ಜಿಯರು ಮಾಡುವಂತೆ ಮೇಲಕ್ಕೆ ಎಣಿಸಲಿ. ಸಾಮಾನು ಹದಿಮೂರು ರೂಪಾಯಿಯದು, ಗಿರಾಕಿ ಕೊಟ್ಟದ್ದು ಇಪ್ಪತ್ತು. ಸಾಮಾನನ್ನು ಮುಂದಿಟ್ಟು 'ಹದಿಮೂರು' ಎನ್ನಬೇಕು. ಎರಡರ ನಾಣ್ಯ ಇಟ್ಟು 'ಹದಿನೈದು', ಐದರದನ್ನು ಇಟ್ಟು 'ಇಪ್ಪತ್ತು'. ಗಿರಾಕಿಗೂ ಲೆಕ್ಕ ಕಿವಿಗೆ ಬೀಳುತ್ತದೆ.

ಈಗ ಬಹಳ ಮಂದಿ ಮೊಬೈಲ್ ತೋರಿಸಿ ಸಾಮಾನು ಒಯ್ಯುತ್ತಾರೆ. ಮೊಬೈಲ್ ತೋರಿಸಿದರೆ ಎಲ್ಲವೂ ಪುಕ್ಕಟೆ ಎಂದೇ ಹುಡುಗಿ ತಿಳಿದಿದ್ದಳು. ಮನೆಯಲ್ಲಿ ಒಂದು ಡಬ್ಬಿಯಲ್ಲಿ ಐವತ್ತು ರೂಪಾಯಿ ಚಿಲ್ಲರೆ ಇಡಿ. ಮೊಬೈಲಿನಿಂದ ಇಪ್ಪತ್ತು ಕೊಟ್ಟಾಗ ಡಬ್ಬಿಯಿಂದಲೂ ಇಪ್ಪತ್ತನ್ನು ಮಗುವಿನ ಕೈಯಿಂದಲೇ ತೆಗೆಸಿ. ಡಬ್ಬಿ ಹಗುರಾಗುವುದು ಅದಕ್ಕೆ ತಿಳಿಯಲಿ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಗೆ ಹೋದಾಗ ಅವಳಿಗೆ ಐವತ್ತು ರೂಪಾಯಿಯನ್ನು ನೋಟಿನ ಬದಲು ನಾಣ್ಯಗಳಲ್ಲೇ ಕೊಟ್ಟೆ. ಬಳೆಗೆ ಇಪ್ಪತ್ತು, ಮಿರ್ಚಿಗೆ ಹತ್ತು, ಪುಗ್ಗಕ್ಕೆ ಹತ್ತು, ಎಲ್ಲವನ್ನೂ ತಾನೇ ಎಣಿಸಿ ಕೊಟ್ಟಳು. ತಿರುಗುವ ತೊಟ್ಟಿಲಿನ ಮುಂದೆ ನಿಂತಾಗ ಉಳಿದದ್ದು ಹತ್ತು, ಬೇಕಾದದ್ದು ಅದಕ್ಕಿಂತ ಹೆಚ್ಚು. ಅಳಲಿಲ್ಲ, ಪುಗ್ಗವನ್ನು ಮಾತ್ರ ಸಿಟ್ಟಿನಿಂದ ನೋಡಿದಳು. ನಾನು ಕಿಸೆಗೆ ಕೈ ಹಾಕದೆ ಗಟ್ಟಿಯಾಗಿ ನಿಂತಿದ್ದೆ. ಅಷ್ಟರಲ್ಲಿ ಅವಳ ಆಯಿ ಎಲೆ ಅಡಿಕೆಯ ಸಂಚಿ ಬಿಚ್ಚಿ ನೋಟು ತೆಗೆದಾಗಿತ್ತು. ಅದಕ್ಕೆ ನನ್ನಲ್ಲಿ ಉಪಾಯವಿಲ್ಲ.