ಕೌನ್ಸಿಲ್ ಚುನಾವಣೆ ಫಲಿತಾಂಶ: ಇಂಗ್ಲೆಂಡಿಗೆ ಹೊಸದಾಗಿ ಬಂದವರು ಏನು ನೋಡಬೇಕು?

ಇಲ್ಲಿ ಕೌನ್ಸಿಲ್ (ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತ) ಚುನಾವಣೆ ಸಾಮಾನ್ಯವಾಗಿ ಮೇ ತಿಂಗಳ ಮೊದಲ ಗುರುವಾರ. ಶುಕ್ರವಾರ ಬೆಳಿಗ್ಗೆ ಟಿವಿ ಹಾಕಿದರೆ ಯಾವ ಪಕ್ಷಕ್ಕೆ ಎಷ್ಟು ಸೀಟು ಲಾಭ, ಎಷ್ಟು ನಷ್ಟ ಅನ್ನುವುದೇ ಸುದ್ದಿ. ಅದನ್ನು ನಂಬಿಕೊಂಡು ನಿಮ್ಮ ಊರಿನ ಲೆಕ್ಕ ಹಾಕಬೇಡಿ. 2022ರಲ್ಲಿ ದೇಶದ ತುಂಬ ಕನ್ಸರ್ವೇಟಿವ್ ಪಕ್ಷಕ್ಕೆ ಪೆಟ್ಟು ಬಿತ್ತು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್, ವಾಂಡ್ಸ್‌ವರ್ತ್, ಬಾರ್ನೆಟ್ ಮೂರೂ ಲೇಬರ್ ಪಾಲಾದವು. ಬಾರ್ನೆಟ್ ಪಕ್ಕದ ಹ್ಯಾರೋದಲ್ಲಿ ಮಾತ್ರ ಗಾಳಿ ಉಲ್ಟಾ ಬೀಸಿತು. ಲೇಬರ್ ಆಳುತ್ತಿದ್ದ ಆ ಕೌನ್ಸಿಲ್‌ನ 55 ಸೀಟುಗಳಲ್ಲಿ ಕನ್ಸರ್ವೇಟಿವ್ 31 ಗೆದ್ದು ಅಧಿಕಾರ ಹಿಡಿಯಿತು. ನಿಮ್ಮ ಕಸದ ಡಬ್ಬಿ, ಕೌನ್ಸಿಲ್ ಟ್ಯಾಕ್ಸ್, ಲೈಬ್ರರಿ ಎಲ್ಲ ಆ ಸ್ಥಳೀಯ ಲೆಕ್ಕಕ್ಕೆ ಸೇರಿದ್ದು.

ಹಾಗಾಗಿ ಮೊದಲು ನಿಮ್ಮ ಕೌನ್ಸಿಲ್‌ನಲ್ಲಿ ಈ ಸಲ ಎಷ್ಟು ಸೀಟಿಗೆ ಚುನಾವಣೆ ನಡೆದಿದೆ ನೋಡಿ. ಲಂಡನ್ ಬರೋಗಳಲ್ಲಿ (ಲಂಡನ್ನಿನ ಒಂದೊಂದು ಭಾಗದ ಕೌನ್ಸಿಲ್), ಬರ್ಮಿಂಗ್‌ಹ್ಯಾಮ್‌ನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಎಲ್ಲ ಸೀಟಿಗೂ ಒಟ್ಟಿಗೆ ನಡೆಯುತ್ತದೆ. ರೆಡಿಂಗ್‌ನಂಥ ಕಡೆ ಸಾಮಾನ್ಯವಾಗಿ ಒಂದು ಸಲಕ್ಕೆ ಮೂರನೇ ಒಂದು ಭಾಗ ಮಾತ್ರ. ಅಂಥಲ್ಲಿ ಒಂದು ಪಕ್ಷ ಈ ವರ್ಷ ಜೋರಾಗಿ ಗೆದ್ದರೂ ಅಧಿಕಾರ ಹಳಬರ ಕೈಯಲ್ಲೇ ಉಳಿಯಬಹುದು. ಜಿಲ್ಲಾ ಕೌನ್ಸಿಲ್ ಮತ್ತು ಅದರ ಮೇಲಿನ ಕೌಂಟಿ ಕೌನ್ಸಿಲ್ ಎರಡೂ ಇರುವ ಕಡೆ ಕಸ ಜಿಲ್ಲೆಯದ್ದು, ರಸ್ತೆ ಗುಂಡಿ ಕೌಂಟಿಯದ್ದು. ಎರಡಕ್ಕೂ ಚುನಾವಣೆ ಬೇರೆ ಬೇರೆ.

ಇನ್ನು ವಾರ್ಡ್ ಫಲಿತಾಂಶದ ಹಾಳೆ. ಹೊಸಬರಿಗೆ ಗೊಂದಲವಾಗುವುದು ಇಲ್ಲೇ. ವಾರ್ಡಿನಲ್ಲಿ ಆ ಸಲ ಮೂರು ಸೀಟಿಗೆ ಚುನಾವಣೆ ಇದ್ದರೆ ಪ್ರತಿಯೊಬ್ಬರಿಗೂ ಮೂರು ಮತ. ಇವಿಎಂ ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಕಾಗದದ ಮೇಲೆ ಪೆನ್ಸಿಲ್‌ನಿಂದ ಇಂಟು ಮಾರ್ಕ್ ಹಾಕುವುದು. ಒಂದೋ ಎರಡೋ ಹಾಕಿ ಬಿಟ್ಟರೂ ನಡೆಯುತ್ತದೆ, ನಾಲ್ಕು ಹಾಕಿದರೆ ಮತ ಕುಲಗೆಟ್ಟಿತು. ಆದ್ದರಿಂದ ಎಲ್ಲರ ಮತ ಕೂಡಿಸಿ ಇಷ್ಟು ಜನ ಬಂದಿದ್ದರು ಅನ್ನಬೇಡಿ, ಅದಕ್ಕೆ ಹಾಳೆಯ ಕೆಳಗೆ ಶೇಕಡಾವಾರು ಮತದಾನ ಅಂತ ಬೇರೆ ಕೊಟ್ಟಿರುತ್ತಾರೆ. ಹೆಸರುಗಳು ಸರ್‌ನೇಮ್‌ನ ಅಕ್ಷರ ಕ್ರಮದಲ್ಲಿರುವುದರಿಂದ ಒಂದೇ ಪಕ್ಷದ ಮೂವರು ಮೂರು ಕಡೆ ಚದುರಿರುತ್ತಾರೆ. ಮೇಲಿರುವವರಿಗೆ ಸುಮ್ನೆ ನಾಲ್ಕು ಮತ ಜಾಸ್ತಿ ಬೀಳುವುದೂ ಉಂಟು. ನಮ್ಮ ಶೆಟ್ಟರು, ಪಾಟೀಲರಿಗೆ ಆ ಭಾಗ್ಯವಿಲ್ಲ ಬಿಡಿ!

ಯಾರಿಗೂ ಬಹುಮತ ಬರದಿದ್ದರೆ ಕೌನ್ಸಿಲ್ ಅತಂತ್ರ. ಆಗ ಮೇ ತಿಂಗಳಲ್ಲೇ ನಡೆಯುವ ವಾರ್ಷಿಕ ಸಭೆಯ ಮೇಲೆ ಕಣ್ಣಿಡಿ. ಯಾರು ಯಾರ ಜೊತೆ ಸೇರಿದರು, ಲೀಡರ್ ಯಾರು ಅನ್ನುವುದು ಸಾಮಾನ್ಯವಾಗಿ ಅಲ್ಲಿ ತೀರ್ಮಾನವಾಗುತ್ತದೆ. ಒಂದೇ ಒಂದು ಸೀಟು ಎಷ್ಟು ಆಟ ಆಡಿಸುತ್ತದೆ ಅನ್ನುವುದಕ್ಕೆ 2017ರ ನಾರ್ಥಂಬರ್‌ಲ್ಯಾಂಡ್ ಸಾಕು. ಸೌತ್ ಬ್ಲೈತ್ ವಾರ್ಡಿನಲ್ಲಿ ಮರುಎಣಿಕೆ ಮಾಡಿದರೂ ಇಬ್ಬರಿಗೆ ಮತ ಸಮ. ನಮ್ಮ ಪಂಚಾಯಿತಿಗಳಲ್ಲಿ ಚೀಟಿ ಎತ್ತುತ್ತಾರಲ್ವಾ, ಅಲ್ಲಿ ಕಡ್ಡಿ ಎತ್ತಿಸಿದರು. ಗೆದ್ದದ್ದು ಲಿಬರಲ್ ಡೆಮಾಕ್ರಟ್ ಅಭ್ಯರ್ಥಿ. 67 ಸೀಟುಗಳಲ್ಲಿ ಕನ್ಸರ್ವೇಟಿವ್ 33ಕ್ಕೆ ನಿಂತು, ಬಹುಮತ ಒಂದೇ ಸೀಟಿನಿಂದ ತಪ್ಪಿಹೋಯಿತು.

'ನಮ್ಮದು ವೀಸಾ, ನಮಗೇಕೆ ಇದೆಲ್ಲ' ಅನ್ನುವವರು ಬಹಳ. ಭಾರತ ಕಾಮನ್‌ವೆಲ್ತ್ ದೇಶ, ಹಾಗಾಗಿ ಇಲ್ಲಿ ವೀಸಾ ಮೇಲೆ ವಾಸವಿರುವ ಭಾರತೀಯರಿಗೂ, ವಿದ್ಯಾರ್ಥಿಗಳಿಗೂ ಮತವಿದೆ. ಪಾರ್ಲಿಮೆಂಟಿಗೂ ಹಾಕಬಹುದು. ಪಟ್ಟಿಗೆ ಹೆಸರು ಸೇರಿಸಲು ಮತದಾನಕ್ಕೆ 12 ಕೆಲಸದ ದಿನ ಮುಂಚೆಯೇ ಗಡುವು. 2023ರಿಂದ ಮತಗಟ್ಟೆಯಲ್ಲಿ ಫೋಟೋ ಗುರುತು ಕೇಳುತ್ತಾರೆ, ನಿಮ್ಮ ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ.

ಐಎಲ್ಆರ್ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿ) ಸಿಕ್ಕ ಮೇಲೆ ಸ್ಪರ್ಧೆಗೂ ನಿಲ್ಲಬಹುದು, ಠೇವಣಿ ಇಲ್ಲ. ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಕೂಡ ಆದರು. ಥೇಮ್ಸ್ ದಡದ ಬಸವಣ್ಣನ ಪ್ರತಿಮೆ ನಿಲ್ಲಿಸಲು ಓಡಾಡಿದವರೂ ಅವರೇ. ಒಂದು ಮಾತು ನೆನಪಿರಲಿ: ಅದೇ ಕೌನ್ಸಿಲ್‌ನಲ್ಲಿ ನೌಕರಿ ಮಾಡುತ್ತಿದ್ದರೆ ನಿಲ್ಲುವಂತಿಲ್ಲ.