ಹಳೆ ಸ್ಪೋರ್ಟ್ಸ್ ಕಾರಿನ ಎಂಜಿನ್ ಬಿಚ್ಚಿಸುವ ಮೊದಲು

ಕಾಸರಗೋಡಿನ ಕಡೆ ಕೆಎಲ್ 14 ನಂಬರಿನ ಹಳೆ ಸ್ಪೋರ್ಟ್ಸ್ ಕಾರು ಮಾರಾಟಕ್ಕಿದೆ ಅಂದರೆ ಮೊದಲು ಕೇಳಬೇಕಾದ್ದು, ಅದು ಎಷ್ಟು ಓಡಿದೆ ಅಂತಲ್ಲ, ಎಷ್ಟು ಕಾಲ ನಿಂತಿತ್ತು ಅಂತ. ಯಜಮಾನರು ಗಲ್ಫಿನಲ್ಲಿರುತ್ತಾರೆ. ರಜೆಗೆ ಬಂದಾಗ ನಾಲ್ಕು ದಿನ ಓಡಿಸುತ್ತಾರೆ, ಉಳಿದಂತೆ ಇಡೀ ಮಳೆಗಾಲ ಕಾರು ಶೆಡ್ಡಿನಲ್ಲೇ. ಕಡಲ ಕಡೆಯ ಒದ್ದೆ ಗಾಳಿಗೆ ಸಿಲಿಂಡರಿನ ಒಳಗೋಡೆ ತುಕ್ಕು ಹಿಡಿಯಬಹುದು, ಪಿಸ್ಟನ್ ಸುತ್ತ ಕೂತು ಸೋರಿಕೆ ತಡೆಯುವ ಪಿಸ್ಟನ್ ರಿಂಗ್ ಅಂಟಿಕೊಳ್ಳಬಹುದು. ಮೀಟರ್ ಇದನ್ನೆಲ್ಲ ಹೇಳುವುದಿಲ್ಲ. ಹಾಗಂತ ಹೊಗೆ ಕಂಡ ಕೂಡಲೇ 'ಎಂಜಿನ್ ಇಳಿಸಲೇಬೇಕು' ಅನ್ನುವವರ ಮಾತಿಗೂ ಬೀಳಬೇಡಿ. ಅಳೆದು ನೋಡಿ.

ಕಾರು ನೋಡಲು ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿ. ಬಿಸಿ ಇದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ ಎಂದರ್ಥ, ಇನ್ನೊಂದು ದಿನ ಬನ್ನಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಪಸೆ ಇದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಹಾಕುವ ಹಾಳೆ) ಹೋಗಿರಬಹುದು. ಆದರೆ ಜೂನ್, ಜುಲೈಯಲ್ಲಿ ಚಿಕ್ಕ ಚಿಕ್ಕ ಓಡಾಟಕ್ಕೂ ಹಾಗಾಗುತ್ತದೆ. ಡಿಪ್‌ಸ್ಟಿಕ್‌ನಲ್ಲೂ ಅದೇ ಪಸೆ ಇದ್ದರೆ ಮಾತ್ರ ಗಂಭೀರ.

ಆಮೇಲೆ ರಸ್ತೆಗೆ. ಚೆರ್ಕಳ–ಜಾಲ್ಸೂರು ರಸ್ತೆಯ ಏರಿಳಿತ ಇದಕ್ಕೆ ಚೆನ್ನಾಗಿದೆ. ಇಳಿಜಾರಿನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಬಿಡಿ, ಕೆಳಗೆ ತಲುಪಿ ಮತ್ತೆ ಒತ್ತಿ. ಹಿಂದೆ ಬರುವ ಗೆಳೆಯರು ಹೊಗೆ ನೋಡಲಿ. ಒತ್ತಿದ ಕ್ಷಣ ನೀಲಿ ಹೊಗೆ ಬುಸ್ ಅಂದು ನಿಂತರೆ ಸವೆದದ್ದು ವಾಲ್ವಿನ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸೀಲ್, ಅಥವಾ ಆ ಕಡ್ಡಿ ಜಾರುವ ಗೈಡ್. ಏರು ಹತ್ತುವಾಗ ಬಿಡದೆ ನೀಲಿ ಬಂದರೆ ರಿಂಗ್. ಕಪ್ಪು ಹೊಗೆ ಪೆಟ್ರೋಲ್ ಜಾಸ್ತಿಯಾದದ್ದು, ಸವೆತವಲ್ಲ.

ಈಗ ಮುಖ್ಯ ಕೆಲಸ, ಕಂಪ್ರೆಷನ್ ಪರೀಕ್ಷೆ, ಅಂದರೆ ಒಂದೊಂದು ಸಿಲಿಂಡರಿನಲ್ಲೂ ಎಷ್ಟು ಒತ್ತಡ ಏರುತ್ತದೆ ಅಂತ ಅಳೆಯುವುದು. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆಯಿರಿ, ಇಗ್ನಿಷನ್ ಕಾಯಿಲ್ ಕಳಚಿ, ಪ್ಲಗ್‌ಗಳನ್ನೆಲ್ಲ ಬಿಚ್ಚಿ. ಒಂದೊಂದು ಪ್ಲಗ್ ತೂತಿಗೂ ಗೇಜ್ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಸೆಲ್ಫ್ ಹೊಡೆಯಿರಿ. ಆಕ್ಸಿಲರೇಟರ್ ಒತ್ತದೆ ಅಳೆದರೆ ಗಾಳಿ ಸಾಲದೆ ಎಲ್ಲವೂ ಕಡಿಮೆ ತೋರಿಸುತ್ತವೆ. ಸುಮ್ನೆ ಗಾಬರಿ. ಎಷ್ಟು ಬರಬೇಕು ಎಂಬುದು ಆಯಾ ಎಂಜಿನ್ನಿನ ಮ್ಯಾನುವಲ್‌ನಲ್ಲಿರುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ. 180, 178, 175 ಪಿಎಸ್‌ಐ ಬಂದು ನಾಲ್ಕನೆಯದು 120 ಆದರೆ ಅಲ್ಲೇ ರೋಗ. ಶೇ 15ಕ್ಕಿಂತ ಜಾಸ್ತಿ ಅಂತರ ಇದ್ದರೆ ಬಿಡಬೇಡಿ. ಅಕ್ಕಪಕ್ಕದ ಎರಡು ಒಟ್ಟಿಗೆ ಬಿದ್ದಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಮೇಲೆ ಸಂಶಯ.

ಬಿದ್ದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಮೇಲೇರಿದರೆ ರಿಂಗ್ ಅಥವಾ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ನೋಡಿ. ಪೋರ್ಷೆ ಬಾಕ್ಸ್‌ಸ್ಟರ್‌ನಂಥ ಕಾರಿನಲ್ಲಿ ಈ ಉಪಾಯ ನಂಬುವಂತಿಲ್ಲ. ಅದರ ಸಿಲಿಂಡರ್‌ಗಳು ಅಡ್ಡಲಾಗಿ ಮಲಗಿರುವುದರಿಂದ ಆಯಿಲ್ ಕೆಳಬದಿಗೆ ಮಾತ್ರ ಇಳಿದು ನಿಲ್ಲುತ್ತದೆ. ಅಂಥವಕ್ಕೆ ಲೀಕ್‌ಡೌನ್ ಪರೀಕ್ಷೆಯೇ ಸರಿ.

ಅದರಲ್ಲಿ ಪಿಸ್ಟನ್ ಮೇಲ್ತುದಿಗೆ ಬಂದು ಎರಡೂ ಬಗೆಯ ವಾಲ್ವ್ ಮುಚ್ಚಿರುವಾಗ ಪ್ಲಗ್ ತೂತಿನಿಂದ ಗಾಳಿ ತುಂಬುತ್ತಾರೆ. ಶೇ 10ರೊಳಗೆ ಸೋರಿದರೆ ಒಳ್ಳೆಯದು, 20 ದಾಟಿದರೆ ಚಿಂತೆ. ನನ್ನ ಮಟ್ಟಿಗೆ ಅಂಕಿಗಿಂತ ಇದರ ಸದ್ದೇ ಹೆಚ್ಚು ಉಪಯೋಗ. ಆಯಿಲ್ ಮುಚ್ಚಳದ ತೂತಿನಲ್ಲಿ ಬುಸುಗುಟ್ಟಿದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆಯಾದರೆ ಇನ್‌ಟೇಕ್ ವಾಲ್ವ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್, ಇಲ್ಲವೇ ಬಿರುಕು. ಗಾಳಿಯ ಒತ್ತಡಕ್ಕೆ ಎಂಜಿನ್ ತಟ್ಟನೆ ತಿರುಗಬಹುದು, ಪಿಸ್ಟನ್ ಮೇಲ್ತುದಿಗೆ ತರಲು ಕ್ರ್ಯಾಂಕಿನ ಬೋಲ್ಟಿಗೆ ಹಾಕಿದ ಸ್ಪ್ಯಾನರ್ ಮೊದಲೇ ತೆಗೆದಿಡಲು ಮರೆಯಬೇಡಿ.

ಈ ಎರಡು ಪರೀಕ್ಷೆಗಳೂ ಕ್ರ್ಯಾಂಕ್ ತಿರುಗುವ ಬೇರಿಂಗ್ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಹಳೆ ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದವನ್ನು ಬಿಸಿಲಲ್ಲಿ ಬಿಡಿಸಿ ನೋಡಿ. ಮ್ಯಾಗ್ನೆಟ್‌ಗೆ ಅಂಟುವ ಚೂರು ಕಬ್ಬಿಣದ್ದು. ಅಂಟದೆ ತಾಮ್ರದ ಬಣ್ಣಕ್ಕೆ ಮಿನುಗುವುದು ಬೇರಿಂಗಿನದ್ದಿರಬಹುದು. ಅದು ಕಂಡರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡಬೇಡಿ, ಲಾರಿ ಮೇಲೇ ಗ್ಯಾರೇಜಿಗೆ ಸಾಗಿಸಿ.

ಬರೀ ರಿಂಗ್ ಅಂಟಿಕೊಂಡ ಸಂಶಯವಾದರೆ ಅವಸರ ಬೇಡ. ಹೊಸ ಆಯಿಲ್ ಹಾಕಿ, ಕೆಲವು ನೂರು ಕಿಲೋಮೀಟರ್ ಹದವಾಗಿ ಓಡಿಸಿ, ಮತ್ತೆ ಗೇಜ್ ಹಾಕಿ. ಅಂಕಿ ಏರುತ್ತಿದ್ದರೆ ಎಂಜಿನ್ ಇಳಿಸುವ ದುಡ್ಡು ಸದ್ಯಕ್ಕೆ ಉಳಿಯಿತು.